ತೂಬು ಬಿಗಿದ ಕೆರೆ: ಅರವತ್ತರ ಆಚೆಯ ಗಂಡಸರ ಮೂತ್ರದ ತೊಂದರೆ

ಹೊಟ್ಟೆಯುಬ್ಬರವೆಂದು ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದ ಅಪ್ಪನ ವರದಿಯ ಕೊನೆಯ ಸಾಲಿನಲ್ಲಿ ‘ಪ್ರಾಸ್ಟೇಟೋಮೆಗಲಿ, ಗ್ರೇಡ್ 2’, ಅಂದರೆ ಪ್ರಾಸ್ಟೇಟ್ ಎಂಬ ಗ್ರಂಥಿ ದೊಡ್ಡದಾಗಿದೆ, ಎಂದಿರುತ್ತದೆ. ತಪಾಸಣೆಯ ಪ್ಯಾಕೇಜಿನಲ್ಲಿ ತಾನಾಗಿಯೇ ಸೇರಿಕೊಂಡಿದ್ದ, ಅದೇ ಗ್ರಂಥಿಗೆ ಸಂಬಂಧಿಸಿದ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ 5.2 ಎಂದು ಬಂದು, ಆ ಸಂಖ್ಯೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ವೈದ್ಯರು ವರದಿ ನೋಡುವ ಮೊದಲೇ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ‘ಕ್ಯಾನ್ಸರ್’ ಎಂಬ ಪದವನ್ನು ಆಡಿಬಿಟ್ಟಿರುತ್ತಾರೆ. ಅಪ್ಪ ಮಾತ್ರ ರಾತ್ರಿ ನಾಲ್ಕು ಸಲ ಏಳುವುದನ್ನು ಎರಡು ವರ್ಷಗಳಿಂದ ಯಾರಿಗೂ ಹೇಳಿರುವುದಿಲ್ಲ.

ಈ ಗೊಂದಲ ನಮ್ಮ ಮನೆಗಳಿಗೆ ಸೀಮಿತವಲ್ಲ. 2024ರ ಜನವರಿಯಲ್ಲಿ ಬ್ರಿಟನ್ನಿನ ದೊರೆ ಚಾರ್ಲ್ಸ್ ಅವರಿಗೆ ಪ್ರಾಸ್ಟೇಟ್ ದೊಡ್ಡದಾಗಿದೆ, ಚಿಕಿತ್ಸೆ ಪಡೆಯಲಿದ್ದಾರೆ ಎಂದು ಅರಮನೆ ಪ್ರಕಟಿಸಿದಾಗ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಜಾಲತಾಣದಲ್ಲಿ ಆ ವಿಷಯದ ಪುಟ ತೆರೆದವರ ಸಂಖ್ಯೆ ಒಂದೇ ದಿನದಲ್ಲಿ ಹತ್ತು ಪಟ್ಟು ಏರಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಮೂಳೆಗೂ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ತಿಳಿಯಿತು. ಗ್ರಂಥಿ ಒಂದೇ ಆದರೂ ಕಾಯಿಲೆಗಳು ಬೇರೆ ಬೇರೆ. ಚಾರ್ಲ್ಸ್ ಅವರಿಗೆ ಆಗ ಸಿಕ್ಕ ಕ್ಯಾನ್ಸರ್ ಸಹ ಪ್ರಾಸ್ಟೇಟಿನದಲ್ಲ ಎಂದು ಅರಮನೆ ಸ್ಪಷ್ಟಪಡಿಸಿತ್ತು.

ಕೆರೆಯ ಲೆಕ್ಕ

ನಮ್ಮ ಊರಿನ ಕೆರೆಯನ್ನು ನೆನಪಿಸಿಕೊಂಡರೆ ಈ ವಿಷಯ ಅರ್ಧ ಅರ್ಥವಾದಂತೆ. ಮೇಲಿನಿಂದ ಎರಡು ಹಳ್ಳಗಳು ಬಂದು ಕೆರೆ ಸೇರುತ್ತವೆ. ಏರಿಯ ಬುಡದಲ್ಲಿ ತೂಬು ಇದೆ. ಎತ್ತಿದಾಗ ಮಾತ್ರ ನೀರು ಕಾಲುವೆಗೆ ಹೋಗುತ್ತದೆ.

ದೇಹದಲ್ಲಿ ಆ ಎರಡು ಹಳ್ಳಗಳ ಮೂಲ ಮೂತ್ರಪಿಂಡಗಳು, ಅಂದರೆ ಕಿಡ್ನಿಗಳು. ಅವು ರಕ್ತವನ್ನು ಸೋಸಿ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರ ತಯಾರಿಸುತ್ತವೆ. ಅದು ಎರಡು ತೆಳುವಾದ ಕೊಳವೆಗಳಲ್ಲಿ ಇಳಿದು ಮೂತ್ರಕೋಶವೆಂಬ ಕೆರೆಗೆ ಬರುತ್ತದೆ. ಮೂತ್ರಕೋಶ ಸ್ನಾಯುವಿನ ಚೀಲ. ಅರ್ಧದಷ್ಟು ತುಂಬುವ ಮೊದಲೇ ಸಣ್ಣಗೆ ಸೂಚನೆ ಕೊಡುತ್ತದೆ, 400ರಿಂದ 500 ಮಿ.ಲೀ. ಆಗುವ ಹೊತ್ತಿಗೆ ಇನ್ನು ತಡೆಯಲಾಗದು ಎನ್ನುತ್ತದೆ. ಅಲ್ಲಿಂದ ಹೊರಗೆ ಹೋಗುವ ಕಾಲುವೆ ಮೂತ್ರನಾಳ.

ಮೂತ್ರಕೋಶದ ಕುತ್ತಿಗೆಯ ಕೆಳಗೆ, ಸರಿಯಾಗಿ ತೂಬಿನ ಜಾಗದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕೂತಿರುವುದೇ ಪ್ರಾಸ್ಟೇಟ್ ಗ್ರಂಥಿ. ಇದು ಗಂಡಸರಿಗೆ ಮಾತ್ರ ಇರುತ್ತದೆ. ಯೌವನದಲ್ಲಿ ಒಂದು ನೆಲ್ಲಿಕಾಯಿಯಷ್ಟು, 20ರಿಂದ 25 ಗ್ರಾಂ ತೂಗುತ್ತದೆ. ಬೀಜ ತೆಗೆದ ನೆಲ್ಲಿಕಾಯಿಯ ನಡುವಿನ ತೂತಿನಲ್ಲಿ ದಾರ ಪೋಣಿಸಿದಂತೆ ಮೂತ್ರನಾಳ ಅದರ ಮೂಲಕ ಹಾದುಹೋಗುತ್ತದೆ. ಗ್ರಂಥಿಯ ಕೆಲಸಕ್ಕೂ ಮೂತ್ರಕ್ಕೂ ಸಂಬಂಧವಿಲ್ಲ. ವೀರ್ಯದ ದ್ರವದ ಒಂದು ಭಾಗವನ್ನು ತಯಾರಿಸುವುದು ಅದರ ಕಸುಬು. ತೊಂದರೆಯೆಲ್ಲ ಅದು ಕೂತ ಜಾಗದಿಂದ.

ದೊಡ್ಡದಾಗುವುದು ಏಕೆ?

ದೇಹದ ಹೆಚ್ಚಿನ ಅಂಗಗಳು ಪ್ರಾಯಕ್ಕೆ ಬಂದ ಮೇಲೆ ಬೆಳೆಯುವುದನ್ನು ನಿಲ್ಲಿಸುತ್ತವೆ. ಪ್ರಾಸ್ಟೇಟ್ ಹಾಗಲ್ಲ. ಹರೆಯದಲ್ಲಿ ಒಮ್ಮೆ ಬೆಳೆದು, ಮಧ್ಯವಯಸ್ಸಿನಿಂದ ಮತ್ತೆ ನಿಧಾನವಾಗಿ ಬೆಳೆಯತೊಡಗುತ್ತದೆ. ಐವತ್ತರ ದಶಕದ ಗಂಡಸರಲ್ಲಿ ಸುಮಾರು ಅರ್ಧ ಜನರಲ್ಲಿ, ಎಂಬತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಮಂದಿಯಲ್ಲಿ ಈ ಬೆಳವಣಿಗೆ ಕಾಣಸಿಗುತ್ತದೆ. ಕೂದಲು ನೆರೆಯುವಷ್ಟೇ ಸಾಮಾನ್ಯ ಸಂಗತಿ. ಚಪಲದ ಫಲವೂ ಅಲ್ಲ, ಯಾವ ಪಾಪದ ಫಲವೂ ಅಲ್ಲ. ಇದನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನಾಚಿಕೆಯ ಮೂಲ ಅಲ್ಲೇ ಇದೆ.

ಬೆಳೆಸುವ ಗೊಬ್ಬರ ಯಾವುದು ಎಂಬುದಕ್ಕೆ ಸುಳಿವು ಸಿಕ್ಕಿದ್ದು ಬಲು ದೂರದ ಒಂದು ಊರಿನಿಂದ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಕೆಲವು ಕುಟುಂಬಗಳ ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಂಡು, ಹರೆಯ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. 1974ರಲ್ಲಿ ಇದರ ಕಾರಣ ಪ್ರಕಟವಾಯಿತು: ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನನ್ನು ಇನ್ನಷ್ಟು ಪ್ರಬಲವಾದ ಡಿಎಚ್‌ಟಿ ಎಂಬ ರೂಪಕ್ಕೆ ಬದಲಿಸುವ ಕಿಣ್ವ ಅವರ ದೇಹದಲ್ಲಿ ಇರಲಿಲ್ಲ. ಅವರು ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಚಿಕ್ಕದಾಗಿಯೇ ಉಳಿದಿತ್ತು. ಅಂದರೆ ಗ್ರಂಥಿಯನ್ನು ಬೆಳೆಸುವುದು ಡಿಎಚ್‌ಟಿ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 1992ರಲ್ಲಿ ಅನುಮತಿ ಸಿಕ್ಕಿತು. ಅದೇ ಔಷಧಿಯ ಸಣ್ಣ ಪ್ರಮಾಣದ ಮಾತ್ರೆಯನ್ನು ಇಂದು ಕೂದಲು ಉದುರುವುದಕ್ಕೂ ಕೊಡುತ್ತಾರೆ.

ಗ್ರೇಡ್ ನೋಡಿ ಹೆದರಬೇಡಿ

ಸ್ಕ್ಯಾನಿಂಗ್ ವರದಿಯ ಗ್ರೇಡ್ ಹೇಳುವುದು ಗಾತ್ರವನ್ನು ಮಾತ್ರ. ಗಾತ್ರಕ್ಕೂ ತೊಂದರೆಗೂ ನೇರ ಲೆಕ್ಕವಿಲ್ಲ. ಹೊರಕ್ಕೆ ಹಿಗ್ಗಿದ ದೊಡ್ಡ ಗ್ರಂಥಿ ಮೂತ್ರನಾಳವನ್ನು ಮುಟ್ಟದೇ ಇರಬಹುದು. 80 ಗ್ರಾಂ ಗ್ರಂಥಿಯವರು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿರಬಹುದು. ಒಳಕ್ಕೆ ಒತ್ತಿದ 30 ಗ್ರಾಂ ಗ್ರಂಥಿ ದಾರಿಯನ್ನೇ ಕಟ್ಟಿಬಿಡಬಹುದು. ವೈದ್ಯರಿಗೆ ಬೇಕಾದ ಪ್ರಶ್ನೆ ‘ಎಷ್ಟು ದೊಡ್ಡದು?’ ಅಲ್ಲ, ‘ತೂಬಿನಲ್ಲಿ ನೀರು ಸರಾಗವಾಗಿ ಹೋಗುತ್ತಿದೆಯೇ, ಕೆರೆಯ ಸ್ಥಿತಿ ಹೇಗಿದೆ?’ ಎಂಬುದು.

ತೂಬು ಬಿಗಿದಾಗ ಕಾಣುವ ಲಕ್ಷಣಗಳು ಒಂದು ಬಗೆ: ಒಂದಕ್ಕೆ ಹೋಗಿ ನಿಂತರೂ ಶುರುವಾಗಲು ಹೊತ್ತು ಹಿಡಿಯುವುದು, ಧಾರೆ ಸಣ್ಣದಾಗುವುದು, ನಿಂತು ನಿಂತು ಬರುವುದು, ತಿಣುಕಬೇಕಾಗುವುದು, ಮುಗಿಯಿತೆಂದು ಬಂದ ಮೇಲೂ ತೊಟ್ಟಿಕ್ಕುವುದು. ಇನ್ನೊಂದು ಬಗೆಯ ಲಕ್ಷಣಗಳು ಕೆರೆಯವು. ಬಿಗಿದ ತೂಬಿನ ವಿರುದ್ಧ ತಳ್ಳಿ ತಳ್ಳಿ ಮೂತ್ರಕೋಶದ ಸ್ನಾಯು ದಪ್ಪಗಾಗುತ್ತದೆ, ಸಿಡುಕಿನ ಸ್ವಭಾವದ್ದಾಗುತ್ತದೆ. ಸ್ವಲ್ಪ ತುಂಬಿದರೂ ಅವಸರ ಮಾಡುತ್ತದೆ. ಪದೇ ಪದೇ ಹೋಗುವುದು, ರಾತ್ರಿ ಏಳುವುದು, ಬಚ್ಚಲಿಗೆ ತಲುಪುವ ಮೊದಲೇ ಒದ್ದೆಯಾಗುವುದು ಇದರಿಂದ. ಬಸ್ ಪ್ರಯಾಣಕ್ಕೆ ಹೆದರಿ ಮದುವೆಗಳಿಗೆ ಹೋಗುವುದನ್ನೇ ಬಿಟ್ಟ ಹಿರಿಯರು ಎಷ್ಟೋ ಮಂದಿ. ಕೇಳಿದರೆ ಮಂಡಿ ನೋವು ಎನ್ನುತ್ತಾರೆ.

ಕೋಡಿ ಬಿದ್ದರೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ವರ್ಷಗಟ್ಟಲೆ ತಳ್ಳಿ ಸೋತ ಮೂತ್ರಕೋಶ ಕೊನೆಗೆ ತಳ್ಳುವುದನ್ನೇ ಬಿಡುತ್ತದೆ. ಮೂತ್ರ ಒಳಗೇ ಉಳಿಯುತ್ತ ಹೋಗುತ್ತದೆ. ಒಂದು ಲೀಟರಿಗೂ ಹೆಚ್ಚು ಸೇರಬಹುದು. ನಿಧಾನವಾಗಿ ಆಗುವುದರಿಂದ ನೋವಿರುವುದಿಲ್ಲ. ಕೆರೆ ತುಂಬಿ ತುಳುಕಿದಾಗ ಕೋಡಿಯಲ್ಲಿ ನೀರು ಹರಿಯುವಂತೆ, ಇಲ್ಲೂ ಮೂತ್ರ ಹನಿಹನಿಯಾಗಿ ತಾನಾಗಿಯೇ ಸೋರುತ್ತದೆ, ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ‘ಸಲೀಸಾಗಿ ಹೋಗುತ್ತಿದೆ, ಹಿಡಿತ ತಪ್ಪಿದೆ ಅಷ್ಟೆ, ವಯಸ್ಸಾಯಿತಲ್ಲ’ ಎಂದು ಮನೆಯವರು ಡಯಾಪರ್ ತರುತ್ತಾರೆ. ಕೋಡಿ ಹರಿಯುವುದನ್ನು ನೋಡಿ ತೂಬು ಸರಿಯಿದೆ ಎಂದು ತಿಳಿದಂತೆ ಇದು.

ಅಷ್ಟರಲ್ಲಿ ಹಿನ್ನೀರು ಏರುತ್ತಿರುತ್ತದೆ. ಮೂತ್ರಪಿಂಡದಿಂದ ಇಳಿಯುವ ಕೊಳವೆಗಳು ಮೂತ್ರಕೋಶವನ್ನು ಓರೆಯಾಗಿ ಸೇರುವುದರಿಂದ ಸಾಮಾನ್ಯವಾಗಿ ಮೂತ್ರ ಹಿಂದಕ್ಕೆ ಏರುವುದಿಲ್ಲ. ಆದರೆ ಒಳಗಿನ ಒತ್ತಡ ಹೆಚ್ಚಾದರೆ ಮೇಲಿಂದ ಇಳಿಯಬೇಕಾದ ಮೂತ್ರಕ್ಕೆ ಜಾಗವಿಲ್ಲದೆ ಕೊಳವೆಗಳೂ ಮೂತ್ರಪಿಂಡಗಳೂ ಉಬ್ಬುತ್ತವೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಹೈಡ್ರೋನೆಫ್ರೋಸಿಸ್’ ಎಂದು ಬರೆಯುವುದು ಇದನ್ನೇ. ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ. ಸೋಸುವ ಕೆಲಸ ಕುಂಠಿತವಾಗಿದೆ ಎಂಬುದರ ಗುರುತು ಅದು. ಸುಸ್ತು, ಹಸಿವಿಲ್ಲದಿರುವುದು, ಕಾಲು ಊದುವುದು ಎಂದು ಆಸ್ಪತ್ರೆಗೆ ಬಂದವರಲ್ಲಿ ಮೂಲ ತೊಂದರೆ ತೂಬಿನದು ಎಂದು ತಿಳಿದಾಗ, ಸಕಾಲದಲ್ಲಾದರೆ ಮೂತ್ರ ಹೊರತೆಗೆಯುವ ಒಂದು ಪೈಪಿನಿಂದಲೇ ಮೂತ್ರಪಿಂಡ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ತಡವಾದರೆ ಅಷ್ಟು ಮರಳುವುದಿಲ್ಲ.

ನಿಂತ ನೀರಿನಲ್ಲಿ ಹೂಳು ಮತ್ತು ಪಾಚಿ ಸಹಜ. ಹಾಗೆಯೇ ಉಳಿದ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ, ಸೋಂಕು ಮರಳಿ ಮರಳಿ ಬರುತ್ತದೆ. ಉರಿಮೂತ್ರವಾದರೆ ನಮ್ಮಲ್ಲಿ ‘ಉಷ್ಣ ಆಗಿದೆ’ ಎಂದು ಬಾರ್ಲಿ ನೀರು, ಎಳನೀರು ಕೊಡುವುದು ವಾಡಿಕೆ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಉರಿಯುವವರಿಗೆ ಅದು ಹಿತ. ತೂಬು ಬಿಗಿದವರಿಗೆ ಅದು ಮುಚ್ಚಿದ ಕೆರೆಗೆ ಇನ್ನಷ್ಟು ನೀರು ಬಿಟ್ಟಂತೆ. ಮೂತ್ರಪಿಂಡ ಸೋತಿದ್ದರಂತೂ ಎಳನೀರಿನ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ ತರಬಲ್ಲದು.

ಇನ್ನೊಂದು ಸ್ಥಿತಿ ಇದಕ್ಕೆ ತದ್ವಿರುದ್ಧ: ಹಠಾತ್ತಾಗಿ ಮೂತ್ರ ಕಟ್ಟಿಕೊಳ್ಳುವುದು. ಕೆಳಹೊಟ್ಟೆ ಬಿಗಿದು, ಒಂದು ಹನಿಯೂ ಬಾರದೆ, ಮನುಷ್ಯ ಒದ್ದಾಡಿಬಿಡುತ್ತಾನೆ. ಇದಕ್ಕೆ ನೆಪವಾಗುವುದು ಅನೇಕ ಸಲ ಕ್ಷುಲ್ಲಕ ಸಂಗತಿ. ನೆಗಡಿಯೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಯಲ್ಲಿನ ಫಿನೈಲೆಫ್ರಿನ್ ತೂಬಿನ ಸ್ನಾಯುವನ್ನು ಬಿಗಿಯುತ್ತದೆ, ಅದರೊಡನೆ ಇರುವ ಕ್ಲೋರ್‌ಫೆನಿರಮಿನ್ ಮೂತ್ರಕೋಶ ತಳ್ಳುವುದನ್ನು ಮಂಕಾಗಿಸುತ್ತದೆ. ಮಲಬದ್ಧತೆ, ಮದ್ಯ, ಪ್ರಯಾಣದಲ್ಲಿ ಗಂಟೆಗಟ್ಟಲೆ ತಡೆದುಕೊಳ್ಳುವುದು ಕೂಡ ಸಾಕು. ಇದಕ್ಕೆ ಮನೆಮದ್ದಿಲ್ಲ. ರಾತ್ರಿ ಎರಡು ಗಂಟೆಯಾದರೂ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೂತ್ರನಾಳದ ಮೂಲಕ ಕೆಥೆಟರ್, ಅಂದರೆ ಜನ ‘ಪೈಪು’ ಎನ್ನುವ ರಬ್ಬರ್ ಅಥವಾ ಸಿಲಿಕೋನ್ ನಳಿಕೆ, ಹಾಕಿ ಮೂತ್ರ ತೆಗೆಯುತ್ತಾರೆ. ಒಳಗಿನ ತುದಿಯಲ್ಲಿ ಪುಟ್ಟ ಬಲೂನು ಉಬ್ಬಿಸುವುದರಿಂದ ಅದು ಜಾರುವುದಿಲ್ಲ. ಆದ್ದರಿಂದ ಕಿರಿಕಿರಿಯೆಂದು ರೋಗಿ ತಾನೇ ಎಳೆದರೆ ಗಾಯವಾಗುವುದು ಖಂಡಿತ. ಕೆಲವು ದಿನ ಮಾತ್ರೆ ಕೊಟ್ಟು ಪೈಪು ತೆಗೆದು ನೋಡುತ್ತಾರೆ. ಹಲವರಿಗೆ ಆಗ ತಾನಾಗಿಯೇ ಹೋಗುತ್ತದೆ.

ರಾತ್ರಿ ಏಳುವುದೆಲ್ಲ ಪ್ರಾಸ್ಟೇಟ್ ಅಲ್ಲ

ಕೆರೆ ಬೇಗ ತುಂಬುವುದಕ್ಕೆ ತೂಬು ಮಾತ್ರವಲ್ಲ, ಒಳಹರಿವೂ ಕಾರಣವಿರಬಹುದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಸಂಜೆ ತೆಗೆದುಕೊಂಡ ರಕ್ತದೊತ್ತಡದ ‘ನೀರಿನ ಮಾತ್ರೆ’, ಮಲಗುವ ಮುನ್ನ ಒಂದು ಲೋಟ ಕಾಫಿ ಇವೆಲ್ಲ ಮೂತ್ರ ಹೆಚ್ಚಿಸುತ್ತವೆ. ಹೃದಯ ದುರ್ಬಲವಾಗಿ ಹಗಲಿನಲ್ಲಿ ಕಾಲಿಗೆ ಇಳಿದ ನೀರು, ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಗೊರಕೆಯ ನಡುವೆ ಉಸಿರು ಕಟ್ಟುವವರಿಗೂ ರಾತ್ರಿ ಮೂತ್ರ ಹೆಚ್ಚು.

ಇದನ್ನು ಬೇರ್ಪಡಿಸಲು ದುಬಾರಿ ಯಂತ್ರ ಬೇಡ. ಮೂರು ದಿನ ಒಂದು ಅಳತೆಯ ಜಗ್ಗು, ಒಂದು ಪುಸ್ತಕ ಇಟ್ಟುಕೊಂಡು ಪ್ರತಿ ಸಲದ ಸಮಯ ಮತ್ತು ಪ್ರಮಾಣವನ್ನು ಬರೆದರೆ ಸಾಕು. ಇಡೀ ದಿನದ ಮೂತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಆಗುತ್ತಿದ್ದರೆ ಒಳಹರಿವಿನ ತೊಂದರೆ ಎಂದು ಅನುಮಾನಿಸಬೇಕು. ಪ್ರಾಸ್ಟೇಟಿನ ಮಾತ್ರೆ ಅದಕ್ಕೆ ಕೆಲಸ ಮಾಡದು. ಪ್ರತಿ ಸಲ 100 ಮಿ.ಲೀ.ಯಷ್ಟೇ ಹೋಗುತ್ತಿದ್ದರೆ ಕೆರೆ ಅಥವಾ ತೂಬಿನ ಕಡೆ ನೋಡಬೇಕು. ಬಚ್ಚಲಿನಲ್ಲಿ ಜಗ್ಗು ಹಿಡಿದು ನಿಲ್ಲಲು ಯಾರಿಗೂ ಇಷ್ಟವಿಲ್ಲ, ನಿಜ. ಆದರೆ ವೈದ್ಯರಿಗೆ ಇಷ್ಟು ಅಗ್ಗದಲ್ಲಿ ಇಷ್ಟು ತಿಳಿಸುವ ಪರೀಕ್ಷೆ ಇನ್ನೊಂದಿಲ್ಲ.

ವೈದ್ಯರು ನೋಡುವುದೇನು?

ಮೊದಲು ಏಳು ಪ್ರಶ್ನೆಗಳ ಒಂದು ಪಟ್ಟಿ. ಪ್ರತಿ ಉತ್ತರಕ್ಕೆ 0ಯಿಂದ 5 ಅಂಕ, ಒಟ್ಟು 35. ಏಳರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಅಥವಾ ಹೆಚ್ಚಾದರೆ ತೀವ್ರ. ಕೊನೆಗೆ ಅಂಕಕ್ಕೆ ಸೇರದ ಒಂದು ಪ್ರಶ್ನೆ ಇರುತ್ತದೆ: ಉಳಿದ ಜೀವನವೆಲ್ಲ ಹೀಗೆಯೇ ಇದ್ದರೆ ನಿಮಗೆ ಹೇಗನ್ನಿಸುತ್ತದೆ? ಚಿಕಿತ್ಸೆಯ ದಾರಿಯನ್ನು ಅನೇಕ ಸಲ ನಿರ್ಧರಿಸುವುದು ಆ ಉತ್ತರವೇ.

ಆಮೇಲೆ ಗುದದ್ವಾರದ ಮೂಲಕ ಬೆರಳಿನ ಪರೀಕ್ಷೆ. ಬಹಳ ಜನ ಹಿಂಜರಿಯುವುದು ಇದಕ್ಕೆ. ಪ್ರಾಸ್ಟೇಟಿನ ಹಿಂಭಾಗ ಗುದನಾಳಕ್ಕೆ ಅಂಟಿಕೊಂಡಿರುವುದರಿಂದ ಬೆರಳಿಗೆ ನೇರವಾಗಿ ಸಿಗುತ್ತದೆ. ಸಾಮಾನ್ಯ ಹಿಗ್ಗುವಿಕೆ ಮೆತ್ತಗೆ, ನುಣುಪಾಗಿರುತ್ತದೆ. ಕಲ್ಲಿನಂತೆ ಗಟ್ಟಿಯಾದ ಗಂಟು ಸಿಕ್ಕರೆ ಕ್ಯಾನ್ಸರಿನ ಅನುಮಾನ. ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಮೂತ್ರ ಪರೀಕ್ಷೆ, ಸಕ್ಕರೆ, ಕ್ರಿಯಾಟಿನಿನ್ ಇದ್ದದ್ದೇ. ಸ್ಕ್ಯಾನಿಂಗಿನಲ್ಲಿ ಗಾತ್ರಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿದೆ: ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂಬುದು. 50 ಮಿ.ಲೀ. ಒಳಗಿದ್ದರೆ ಚಿಂತೆಯಿಲ್ಲ. 200, 300 ಉಳಿಯುತ್ತಿದ್ದರೆ ಕೆರೆ ಖಾಲಿಯಾಗುತ್ತಿಲ್ಲ ಎಂದರ್ಥ. ಸ್ಕ್ಯಾನಿಂಗ್ ಕೇಂದ್ರದಲ್ಲಿ ಲೀಟರುಗಟ್ಟಲೆ ನೀರು ಕುಡಿಸಿ, ಮೂತ್ರಕೋಶ ಬಿರಿಯುವಂತೆ ತುಂಬಿಸಿ ಮಾಡಿದ ಅಳತೆ ಸುಳ್ಳು ಹೇಳಬಹುದು. ಹಾಗಾಗಿದ್ದರೆ ವೈದ್ಯರಿಗೆ ತಿಳಿಸಿ. ಯೂರೋಫ್ಲೋ ಎಂಬುದು ಧಾರೆಯ ವೇಗ ಅಳೆಯುವ ಯಂತ್ರ, ಅದರ ಲಾಳಿಕೆಯೊಳಗೆ ಮೂತ್ರ ಮಾಡಿದರಾಯಿತು. ಗರಿಷ್ಠ ವೇಗ ಸೆಕೆಂಡಿಗೆ 15 ಮಿ.ಲೀ. ಮೀರಿದರೆ ಒಳ್ಳೆಯದು, 10ಕ್ಕಿಂತ ಕಡಿಮೆಯಿದ್ದರೆ ಎಲ್ಲೋ ತಡೆ ಇದೆ, ಇಲ್ಲವೇ ತಳ್ಳುವ ಸ್ನಾಯು ಸೋತಿದೆ.

ಪಿಎಸ್‌ಎ ಎಂಬ ಸಂಖ್ಯೆ

ಪಿಎಸ್‌ಎ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನು. ವೀರ್ಯವನ್ನು ತೆಳುವಾಗಿಸುವುದು ಅದರ ಕೆಲಸ. ಸ್ವಲ್ಪ ರಕ್ತಕ್ಕೂ ಸೋರುತ್ತದೆ. ಪ್ರಯೋಗಾಲಯಗಳು ಸಾಮಾನ್ಯವಾಗಿ ಮಿ.ಲೀ.ಗೆ 4 ನ್ಯಾನೋಗ್ರಾಂ ಎಂಬ ಗೆರೆ ಎಳೆಯುತ್ತವೆ. ಆದರೆ ಇದು ಕ್ಯಾನ್ಸರಿನ ಪರೀಕ್ಷೆಯಲ್ಲ, ಪ್ರಾಸ್ಟೇಟಿನ ಪರೀಕ್ಷೆ. ಗ್ರಂಥಿ ದೊಡ್ಡದಾದರೆ ಏರುತ್ತದೆ, ಸೋಂಕಾದರೆ ಏರುತ್ತದೆ, ಪೈಪು ಹಾಕಿದ ಮೇಲೆ ಏರುತ್ತದೆ, ಹಿಂದಿನ ದಿನದ ವೀರ್ಯಸ್ಖಲನದಿಂದಲೂ ತುಸು ಏರಬಹುದು. ಉರಿಮೂತ್ರ ಇರುವಾಗಲೇ ಪಿಎಸ್‌ಎ ಮಾಡಿಸಿ ನಿದ್ದೆಗೆಡುವುದರಲ್ಲಿ ಅರ್ಥವಿಲ್ಲ. ಸೋಂಕು ವಾಸಿಯಾದ ಮೇಲೆ ಸುಮಾರು ಆರು ವಾರ ಬಿಟ್ಟು ಮಾಡಿಸಬೇಕು. ಇನ್ನೊಂದು ಕಡೆ, ಫಿನಾಸ್ಟರೈಡ್ ಅಥವಾ ಅದೇ ಬಗೆಯ ಡ್ಯುಟಾಸ್ಟರೈಡ್ ತಿನ್ನುವವರಲ್ಲಿ ಪಿಎಸ್‌ಎ ಅರ್ಧಕ್ಕೆ ಇಳಿಯುತ್ತದೆ. ಅವರ ವರದಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದೇ ಓದಬೇಕು.

ಸಾಮಾನ್ಯ ಹಿಗ್ಗುವಿಕೆ ಕ್ಯಾನ್ಸರಾಗಿ ಬದಲಾಗುವುದಿಲ್ಲ. ಹಿಗ್ಗುವುದು ಮೂತ್ರನಾಳದ ಸುತ್ತಲಿನ ಒಳಭಾಗ, ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರಸಿಪ್ಪೆಯ ಭಾಗದಲ್ಲಿ. ಹಾಗಾಗಿ ಆರಂಭದ ಕ್ಯಾನ್ಸರ್ ಮೂತ್ರಕ್ಕೆ ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರುತ್ತದೆ. ಎರಡೂ ಒಟ್ಟಿಗೆ ಇರಲೂಬಹುದು. ಮರುಪರೀಕ್ಷೆಯಲ್ಲೂ ಪಿಎಸ್‌ಎ ಏರಿದ್ದರೆ ಎಂಆರ್‌ಐ, ಅಗತ್ಯವಿದ್ದರೆ ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಬಯಾಪ್ಸಿ ಮಾತ್ರ.

ಮಾತ್ರೆಗಳು

ಅಂಕ ಕಡಿಮೆಯಿದ್ದು ಬದುಕಿಗೆ ಅಡ್ಡಿಯಿಲ್ಲದಿದ್ದರೆ ಔಷಧಿಯೇ ಬೇಡ. ಸಂಜೆಯ ನಂತರ ನೀರು, ಕಾಫಿ ಮಿತಗೊಳಿಸಿ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು.

ಮೊದಲ ಬಗೆಯ ಮಾತ್ರೆ ಟ್ಯಾಮ್ಸುಲೋಸಿನ್ ಮತ್ತು ಅದರ ದಾಯಾದಿಗಳು. ಇವು ತೂಬಿನ ಸ್ನಾಯುವನ್ನು ಸಡಿಲಗೊಳಿಸುತ್ತವೆ, ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ, ಗ್ರಂಥಿ ಮಾತ್ರ ಚಿಕ್ಕದಾಗುವುದಿಲ್ಲ. ಕೆಲವರಿಗೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಹೊರಡುವುದು ಲೇಸು. ಹೆಚ್ಚಿನವರಿಗೆ ಯಾರೂ ಹೇಳದ ಸಂಗತಿಯೊಂದಿದೆ: ಈ ಮಾತ್ರೆ ಕಣ್ಣಿನ ಪಾಪೆಯ ಸುತ್ತಲಿನ ಸ್ನಾಯುವನ್ನೂ ಸಡಿಲಿಸುವುದರಿಂದ ಪೊರೆಯ ಶಸ್ತ್ರಚಿಕಿತ್ಸೆ ಮಾಡುವಾಗ ತೊಡಕಾಗುತ್ತದೆ. ಹಿಂದೆ ತಿಂದು ಬಿಟ್ಟಿದ್ದರೂ ಕಣ್ಣಿನ ವೈದ್ಯರಿಗೆ ಮೊದಲೇ ಹೇಳಿ. ತಿಳಿದಿದ್ದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ. ಉಚಿತ ಕಣ್ಣಿನ ಶಿಬಿರಗಳಿಗೆ ಹೋಗುವ ಹಿರಿಯರು ಇದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಲಿ.

ಎರಡನೆಯದು ಫಿನಾಸ್ಟರೈಡ್, ಡ್ಯುಟಾಸ್ಟರೈಡ್. ಇವು ಗೊಬ್ಬರವನ್ನೇ ನಿಲ್ಲಿಸುವ ಮಾತ್ರೆಗಳು. ಗ್ರಂಥಿ ಐದನೇ ಒಂದು ಭಾಗದಷ್ಟು ಕುಗ್ಗಲು ಆರು ತಿಂಗಳಾದರೂ ಬೇಕು; ದೊಡ್ಡ ಗ್ರಂಥಿಯವರಿಗೆ ಮಾತ್ರ ಪ್ರಯೋಜನ. ಕೆಲವರಲ್ಲಿ ಕಾಮಾಸಕ್ತಿ, ನಿಮಿರುವಿಕೆ ಕಡಿಮೆಯಾಗುತ್ತದೆ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಮುರಿದ ಮಾತ್ರೆಯನ್ನು ಅವರು ಮುಟ್ಟಬಾರದು, ಗಂಡು ಭ್ರೂಣಕ್ಕೆ ಹಾನಿಯಾಗಬಹುದು.

ಶಸ್ತ್ರಚಿಕಿತ್ಸೆ

ಪೈಪು ತೆಗೆದರೆ ಮೂತ್ರ ಹೋಗದವರು, ಮತ್ತೆ ಮತ್ತೆ ಸೋಂಕು ಅಥವಾ ರಕ್ತ ಬರುವವರು, ಮೂತ್ರಕೋಶದಲ್ಲಿ ಕಲ್ಲು ಕಟ್ಟಿದವರು, ಹಿನ್ನೀರಿನಿಂದ ಮೂತ್ರಪಿಂಡ ಸೋಲುತ್ತಿರುವವರು, ಮಾತ್ರೆಗೆ ಬಗ್ಗದವರು: ಇವರಿಗೆ ಶಸ್ತ್ರಚಿಕಿತ್ಸೆ ಬೇಕು. ಸಾಮಾನ್ಯವಾಗಿ ಹೊಟ್ಟೆ ಕೊಯ್ಯುವುದಿಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟು, ಮೂತ್ರನಾಳದ ಮೂಲಕವೇ ದುರ್ಬೀನು ಹಾಕಿ, ದಾರಿಗೆ ಅಡ್ಡ ಬಂದ ಭಾಗವನ್ನು ವಿದ್ಯುತ್ ಕಾಯಿಸಿದ ತಂತಿಯಿಂದ ಸೌತೆಕಾಯಿ ಹೆರೆದಂತೆ ಹೆರೆದು ತೆಗೆಯುತ್ತಾರೆ. ಇದೇ ಟಿಯುಆರ್‌ಪಿ. ಬಹಳ ದೊಡ್ಡ ಗ್ರಂಥಿಗೆ ಹೋಲ್ಮಿಯಂ ಲೇಸರಿನಿಂದ, ಕಿತ್ತಳೆಯ ತೊಳೆಯನ್ನು ಸಿಪ್ಪೆಯಿಂದ ಬಿಡಿಸಿದಂತೆ ಒಳಭಾಗವನ್ನು ಪೂರ್ತಿ ಬಿಡಿಸುವ ವಿಧಾನವಿದೆ.

ಎರಡರಲ್ಲೂ ಸಿಪ್ಪೆ ಉಳಿಯುತ್ತದೆ. ‘ಪ್ರಾಸ್ಟೇಟ್ ತೆಗೆಸಿಯಾಯಿತು, ಇನ್ನು ಕ್ಯಾನ್ಸರ್ ಬರುವುದಿಲ್ಲ’ ಎಂಬ ನಂಬಿಕೆ ಅದಕ್ಕೇ ತಪ್ಪು. ನಂತರ ನಿಮಿರುವಿಕೆ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಆದರೆ ತೂಬು ತೆರೆದುಕೊಂಡಿರುವುದರಿಂದ ಹೆಚ್ಚಿನವರಲ್ಲಿ ವೀರ್ಯ ಹೊರಗೆ ಬಾರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಅಪಾಯವಿಲ್ಲ, ಮುಂದಿನ ಸಲ ಮೂತ್ರದೊಡನೆ ಹೋಗುತ್ತದೆ. ಮೊದಲೇ ಹೇಳದಿದ್ದರೆ ಗಾಬರಿಯಾಗುವುದು ಸಹಜ.

ಯಾರ ಬಳಿಗೆ?

ಮೂತ್ರಪಿಂಡದ ಸೋಸುವ ಕೆಲಸ ಕೆಟ್ಟರೆ ನೆಫ್ರಾಲಜಿಸ್ಟ್; ಕೊಳವೆ, ಕೆರೆ, ತೂಬು ಕೆಟ್ಟರೆ ಯುರಾಲಜಿಸ್ಟ್. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಎರಡೂ ವಿಭಾಗಗಳಿರುವ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಮೂತ್ರ ಪೂರ್ತಿ ಕಟ್ಟಿದರೆ, ಚಳಿಜ್ವರದೊಡನೆ ಉರಿಮೂತ್ರವಾದರೆ, ಮೂತ್ರದಲ್ಲಿ ರಕ್ತದ ಗಡ್ಡೆ ಬಂದರೆ ಅದೇ ದಿನ ಹೋಗಬೇಕು. ನೋವಿಲ್ಲದೆ ಒಮ್ಮೆ ಮಾತ್ರ ರಕ್ತ ಕಂಡು ನಿಂತುಹೋದರೂ ತೋರಿಸಲೇಬೇಕು, ಮೂತ್ರಕೋಶದ ಕ್ಯಾನ್ಸರಿನ ಮೊದಲ ಸುಳಿವು ಅದಾಗಿರಬಹುದು.

ಉಳಿದವರು ಹೊತ್ತು ನೋಡಿಕೊಂಡು ಹೋಗಲಿ. ಮೂರು ದಿನದ ಪುಸ್ತಕ, ತಿನ್ನುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಹಳೆಯ ಪಿಎಸ್‌ಎ ವರದಿ ಜೊತೆಗಿರಲಿ. ಮನೆಯಿಂದ ಹೊರಡುವ ಮುಂಚೆ ಅಭ್ಯಾಸಬಲದಿಂದ ಒಂದಕ್ಕೆ ಹೋಗಿಬಿಡಬೇಡಿ. ಯೂರೋಫ್ಲೋ ಯಂತ್ರಕ್ಕೆ ಕನಿಷ್ಠ 150 ಮಿ.ಲೀ. ಬೇಕು, ಇಲ್ಲದಿದ್ದರೆ ಆಸ್ಪತ್ರೆಯ ಬೆಂಚಿನಲ್ಲಿ ನೀರು ಕುಡಿಯುತ್ತ ಎರಡು ಗಂಟೆ ಕಾಯಬೇಕಾಗುತ್ತದೆ.